ಪೈಪು ಗಟ್ಟಿ, ತಂತಿ ಸಾಲದು: ಮನೆಯಲ್ಲೇ ಜೋಡಿಸುವ ಪೈಪು ದೀಪದ ಕಿಟ್ಟಿನ ವಿಮರ್ಶೆ

ನೀರಿನ ಪೈಪಿನ ತುಂಡುಗಳನ್ನು ತಿರುಗಿಸಿ ಜೋಡಿಸಿ ಮೇಜಿನ ಮೇಲಿಡುವ ದೀಪವನ್ನು ಮಾಡಿಕೊಳ್ಳುವ ಕಿಟ್ ಒಂದನ್ನು ಕಳೆದ ದೀಪಾವಳಿಯ ರಿಯಾಯಿತಿಯಲ್ಲಿ 2,190 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಂಡೆ. ಪಿಯುಸಿ ಓದುತ್ತಿರುವ ಮಗಳು ಯಾವುದೋ ಕಾಫಿ ಅಂಗಡಿಯಲ್ಲಿ ಇಂಥ ದೀಪವನ್ನು ನೋಡಿ ಬಂದು ತನ್ನ ಓದುವ ಮೇಜಿಗೂ ಅಂಥದ್ದೇ ಬೇಕೆಂದು ಹಟ ಹಿಡಿದಿದ್ದಳು. ನನಗೂ ಭಾನುವಾರಗಳಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವ ಚಪಲವಿದೆ. ಮೂರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದೇ ಚಿತ್ರ, ಇದೇ ಕೆಂಪು ಚಕ್ರ, ಇದೇ ವಿವರಣೆಯ ಕಿಟ್ಟುಗಳನ್ನು ನಾನು ಬೇರೆ ಹೆಸರುಗಳಲ್ಲಿಯೂ ಕಂಡಿದ್ದೇನೆ, ಮತ್ತು ನಾನು ಹೇಳಬೇಕಾದ ತಕರಾರು ಒಬ್ಬ ಮಾರಾಟಗಾರರಿಗಿಂತ ಈ ಬಗೆಯ ಸಾಮಾನಿಗೇ ಹೆಚ್ಚು ಸೇರಿದ್ದು.

ಡಬ್ಬಿಯಲ್ಲಿ ಇದ್ದದ್ದು ಇಷ್ಟು: ಕಪ್ಪು ಬಣ್ಣ ಬಳಿದ ಅರ್ಧ ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ನಾಲ್ಕು ತುಂಡುಗಳು, ಪೈಪನ್ನು ಮೂಲೆಯಲ್ಲಿ ತಿರುಗಿಸುವ ಎರಡು ಎಲ್ಬೋ, ಮೂರು ಕಡೆ ಬಾಯಿರುವ ಒಂದು ಟೀ, ತಳಕ್ಕೆ ತಟ್ಟೆಯಂಥ ಒಂದು ಫ್ಲ್ಯಾಂಜ್, ಅದನ್ನು ಕೂರಿಸಲು ಒಂದು ಮರದ ಹಲಗೆ, ಗೇಟ್ ವಾಲ್ವಿನದರಂತೆ ಕಾಣುವ ಒಂದು ಕೆಂಪು ಚಕ್ರ, ಅದರ ಹಿಂದೆ ಬೆಳಕನ್ನು ಏರಿಸಿ ಇಳಿಸುವ ಒಂದು ಡಿಮ್ಮರ್, ಸ್ಕ್ರೂ ಬಲ್ಬಿನ ಒಂದು ಹಿತ್ತಾಳೆ ಹೋಲ್ಡರ್, ಬಟ್ಟೆ ಹೊದಿಸಿದ ಹುರಿ ತಂತಿ, ಎರಡು ಪಿನ್ನಿನ ಪ್ಲಗ್, ಮತ್ತು ಒಂದು ಸೂಚನಾ ಪತ್ರ. ಬಲ್ಬು ಇರಲಿಲ್ಲ, ಇರುವುದಿಲ್ಲವೆಂದು ಅವರು ಮೊದಲೇ ಹೇಳಿದ್ದರು.

ಪೈಪಿನ ಬಗ್ಗೆ ನನಗೆ ದೂರಿಲ್ಲ. ನಮ್ಮಲ್ಲಿ ಜಿ.ಐ. ಪೈಪು ಮೂರು ದರ್ಜೆಗಳಲ್ಲಿ ಬರುತ್ತದೆ, ಹಗುರವಾದದ್ದಕ್ಕೆ ಹಳದಿ ಪಟ್ಟಿ, ಮಧ್ಯಮಕ್ಕೆ ನೀಲಿ, ಭಾರದ್ದಕ್ಕೆ ಕೆಂಪು. ಅರ್ಧ ಇಂಚಿನ ಪೈಪಿನಲ್ಲಿ ಅವುಗಳ ಗೋಡೆಯ ದಪ್ಪ ಕ್ರಮವಾಗಿ 2, 2.6 ಮತ್ತು 3.2 ಮಿಲಿಮೀಟರ್. ಇಲ್ಲಿ ಬಣ್ಣ ಬಳಿದದ್ದರಿಂದ ಪಟ್ಟಿ ಕಾಣದಿದ್ದರೂ ಅಳೆದು ನೋಡಿದಾಗ ಹಗುರ ದರ್ಜೆಯದೆಂದು ತಿಳಿಯಿತು. ನೀರಿನ ಒತ್ತಡವನ್ನು ತಡೆಯಬೇಕಾದ ಪೈಪು ಇದಲ್ಲವಾದ್ದರಿಂದ ದೀಪಕ್ಕೆ ಅದು ಧಾರಾಳವಾಗಿ ಸಾಕು. ಎಲ್ಬೋಗಳಲ್ಲಿ ಒಂದರ ಥ್ರೆಡ್ ಮಾತ್ರ ವಾರೆಯಾಗಿ ಕೊರೆದದ್ದಾಗಿತ್ತು, ಎಷ್ಟು ಬಿಗಿ ಮಾಡಿದರೂ ದೀಪದ ಕತ್ತು ಎಡಕ್ಕೇ ವಾಲುತ್ತಿತ್ತು. ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದ 35 ರೂಪಾಯಿಯ ಎಲ್ಬೋ ತಂದು ಹಾಕಿದ ಮೇಲೆ ನೆಟ್ಟಗಾಯಿತು.

ಹಲಗೆ ನಿಜಕ್ಕೂ ಚಿಕ್ಕದು. ದೀಪದ ಕಂಬ ಹಲಗೆಯ ನಟ್ಟನಡುವೆ ನಿಲ್ಲುತ್ತದೆ, ಆದರೆ ತೋಳು ಮುಂದಕ್ಕೆ ಸುಮಾರು 15 ಸೆಂಟಿಮೀಟರ್ ಚಾಚಿ, ಎಲ್ಬೋ, ಹೋಲ್ಡರ್, ಬಲ್ಬು ಎಲ್ಲವುಗಳ ಭಾರವನ್ನೂ ಹಲಗೆಯ ಅಂಚಿನಾಚೆಗೆ ಒಯ್ಯುತ್ತದೆ. ಮೇಜಿಗೆ ಯಾರಾದರೂ ಮೊಣಕೈ ತಾಗಿಸಿದರೆ ಮುಗ್ಗರಿಸುವಂತೆ ಬಾಗುತ್ತಿತ್ತು. ಬಡಗಿಯಿಂದ ಹಲಸಿನ ಮರದ ಅಗಲವಾದ ತುಂಡೊಂದನ್ನು ಮಾಡಿಸಿ, ಕಂಬವನ್ನು ಅದರ ಹಿಂದಿನ ಅಂಚಿನ ಕಡೆಗೆ ಸರಿಸಿ ಕೂರಿಸಿದ ಮೇಲೆ ಈ ತೊಂದರೆ ನಿಂತಿತು.

ಇವೆಲ್ಲ ಸಣ್ಣ ಮಾತು. ದೊಡ್ಡ ಮಾತು ತಂತಿಯದು.

ಸೂಚನಾ ಪತ್ರದ ಮೂರನೆಯ ಹಂತದಲ್ಲಿ ಕಪ್ಪು ತಂತಿಯನ್ನು ಹೋಲ್ಡರಿನ ಹಿತ್ತಾಳೆ ಬಣ್ಣದ ಸ್ಕ್ರೂಗೆ, ಬಿಳಿ ತಂತಿಯನ್ನು ಬೆಳ್ಳಿ ಬಣ್ಣದ ಸ್ಕ್ರೂಗೆ ಬಿಗಿಯಬೇಕೆಂದು ಬರೆದಿತ್ತು. ಡಬ್ಬಿಯಲ್ಲಿ ಕಪ್ಪೂ ಇರಲಿಲ್ಲ, ಬಿಳಿಯೂ ಇರಲಿಲ್ಲ; ಎರಡೂ ಎಳೆಗಳು ಒಂದೇ ಕಂದು ಬಟ್ಟೆಯಲ್ಲಿ ಸುತ್ತಿಕೊಂಡಿದ್ದವು. ಆ ವಾಕ್ಯ ಅಮೆರಿಕದ ಪದ್ಧತಿಯಿಂದ ನೇರವಾಗಿ ಎತ್ತಿಕೊಂಡದ್ದು. ಅಲ್ಲಿ ಮನೆಯ ವಿದ್ಯುತ್ತು 120 ವೋಲ್ಟಿನದು, ಕಪ್ಪು ತಂತಿಯೇ ಫೇಸ್ (ಕರೆಂಟನ್ನು ತರುವ ತಂತಿ), ಬಿಳಿಯದು ನ್ಯೂಟ್ರಲ್ (ಅದನ್ನು ಮರಳಿ ಒಯ್ಯುವ ತಂತಿ), ಮತ್ತು ಎರಡು ಚಪ್ಪಟೆ ಕಾಲುಗಳ ಪ್ಲಗ್ಗಿನಲ್ಲಿ ಒಂದು ಕಾಲು ಇನ್ನೊಂದಕ್ಕಿಂತ ಅಗಲವಾಗಿರುವುದರಿಂದ ಅದನ್ನು ತಿರುಗು ಮುರುಗಾಗಿ ಚುಚ್ಚಲು ಬರುವುದಿಲ್ಲ. ನಮ್ಮಲ್ಲಿ 230 ವೋಲ್ಟ್. ಮನೆಯ ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು ಫೇಸ್, ಹಸಿರು ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ), ಕಪ್ಪು ನ್ಯೂಟ್ರಲ್. ಅಂದರೆ ಆ ಪತ್ರವನ್ನು ಓದಿ, ಮನೆಯಲ್ಲಿದ್ದ ಬೇರೆ ಕಪ್ಪು ತಂತಿಯನ್ನು ಬಳಸಿ, ಅಕ್ಷರಶಃ ಪಾಲಿಸಿದವರು ನ್ಯೂಟ್ರಲನ್ನು ಒಯ್ದು ಫೇಸಿನ ಜಾಗದಲ್ಲಿ ಕೂರಿಸಿರುತ್ತಾರೆ.

ಜಾಗ ಅದಲುಬದಲಾದರೆ ಏನಾಗುತ್ತದೆಂಬುದು ಸ್ಕ್ರೂ ಬಲ್ಬಿನ ಹೋಲ್ಡರಿನಲ್ಲಿ ಮುಖ್ಯವಾದ ಪ್ರಶ್ನೆ. ಈ ಹೋಲ್ಡರಿನಲ್ಲಿ ಎರಡು ಸಂಪರ್ಕಗಳಿವೆ: ತಳದಲ್ಲಿ ನಡುವಿನ ನಾಲಗೆ, ಮತ್ತು ಸುತ್ತಲಿನ ಥ್ರೆಡ್ಡಿನ ಬಳೆ. ಬಲ್ಬನ್ನು ತಿರುಗಿಸಿ ಹಾಕುವಾಗ ಬೆರಳು ಮುಟ್ಟುವ ಸಂಭವ ಇರುವುದು ಬಳೆಗೇ ಹೊರತು ನಾಲಗೆಗಲ್ಲ. ಆದ್ದರಿಂದ ಫೇಸ್ ನಾಲಗೆಗೆ ಹೋಗಬೇಕು, ನ್ಯೂಟ್ರಲ್ ಬಳೆಗೆ ಹೋಗಬೇಕು, ಮತ್ತು ಸ್ವಿಚ್ಚು ಯಾವಾಗಲೂ ಫೇಸಿನ ದಾರಿಯಲ್ಲಿರಬೇಕು. ನ್ಯೂಟ್ರಲ್ಲಿನ ದಾರಿಯಲ್ಲಿ ಸ್ವಿಚ್ಚು ಇದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಕಾದು ಕೂತಿರುತ್ತದೆ. ಆದರೆ ಕಿಟ್ಟಿನೊಂದಿಗೆ ಬಂದ ನಮ್ಮ ಎರಡು ದುಂಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದು. ನೀವು ಹೋಲ್ಡರಿನಲ್ಲಿ ಎಷ್ಟೇ ಎಚ್ಚರದಿಂದ ಜೋಡಿಸಿದ್ದರೂ, ಮನೆ ಗುಡಿಸುವಾಗ ಪ್ಲಗ್ ಕಿತ್ತು ಮತ್ತೆ ಚುಚ್ಚಿದವರ ಕೈಯಲ್ಲಿ ಆ ಎಚ್ಚರವೆಲ್ಲ ಅರ್ಧ ಸಲ ತಲೆಕೆಳಗಾಗುತ್ತದೆ.

ಇನ್ನೂ ದೊಡ್ಡ ಕೊರತೆ ಅರ್ತಿನದು. ಎರಡು ಪಿನ್ನಿನ ಪ್ಲಗ್ಗಿರುವ ಸಾಮಾನುಗಳೆಲ್ಲ ಅಪಾಯಕಾರಿಯೆಂದು ನಾನು ಹೇಳುತ್ತಿಲ್ಲ. ಒಳಗೆ ಎರಡು ಪದರ ನಿರೋಧಕವಿರುವ ಉಪಕರಣಗಳಿಗೆ ಅರ್ತ್ ಬೇಕಾಗಿಲ್ಲ, ಅಂಥವುಗಳ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ. ಮೊಬೈಲ್ ಚಾರ್ಜರನ್ನು ತಿರುಗಿಸಿ ನೋಡಿದರೆ ಆ ಗುರುತು ಕಾಣುತ್ತದೆ. ಈ ದೀಪದಲ್ಲಿ ಆ ಗುರುತೂ ಇಲ್ಲ, ಆ ಪದರವೂ ಇಲ್ಲ. ಬಟ್ಟೆ ಹೊದಿಸಿದ ತೆಳು ತಂತಿ ಬರಿಯ ಕಬ್ಬಿಣದ ಪೈಪಿನೊಳಗೆ ಹಾದು, ಥ್ರೆಡ್ ಕೊರೆದ ಹರಿತವಾದ ಅಂಚುಗಳ ಮೇಲೆ ಎರಡು ಕಡೆ ತೊಂಬತ್ತು ಡಿಗ್ರಿ ಬಾಗಿ ಬರುತ್ತದೆ. ಪೈಪಿನ ತುದಿಗಳೊಳಗೆ ಬೆರಳಾಡಿಸಿದಾಗ ಕತ್ತರಿಸಿದ ಜಾಗದ ಸಿಬಿರುಗಳು ಹಾಗೆಯೇ ಉಳಿದಿರುವುದು ಚರ್ಮಕ್ಕೇ ಗೊತ್ತಾಯಿತು. ದೀಪವನ್ನು ಅತ್ತಿತ್ತ ಸರಿಸಿದಂತೆಲ್ಲ ತಂತಿ ಆ ಸಿಬಿರುಗಳ ಮೇಲೆ ಉಜ್ಜುತ್ತದೆ. ಒಂದು ದಿನ ಹೊದಿಕೆ ಹರಿದು ಫೇಸ್ ಪೈಪಿಗೆ ತಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನೇ ಆರುವ ಸ್ವಿಚ್ಚು) ಬೀಳುವುದಿಲ್ಲ, ದೀಪ ಎಂದಿನಂತೆ ಚೆನ್ನಾಗಿಯೇ ಉರಿಯುತ್ತದೆ, ಏಕೆಂದರೆ ಮರದ ಹಲಗೆಯ ಮೇಲೆ ನಿಂತ ಪೈಪಿನಿಂದ ಕರೆಂಟು ಹರಿದುಹೋಗಲು ದಾರಿಯೇ ಇಲ್ಲ. ದಾರಿ ಸಿಗುವುದು ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ದೀಪವನ್ನು ಹಿಡಿದವರ ಮೈಯಲ್ಲಿ.

ಮನೆಯಲ್ಲಿ ಆರ್‌ಸಿಸಿಬಿ ಇದೆ, ಕರೆಂಟು ಸೋರಿದರೆ ಅದು ತಾನೇ ಕಡಿದುಬಿಡುತ್ತದೆ, ಆದ್ದರಿಂದ ಚಿಂತೆಯಿಲ್ಲ ಎನ್ನುವವರಿದ್ದಾರೆ. ನಾನೂ ಮೊದಲು ಹಾಗೆಯೇ ಯೋಚಿಸಿದ್ದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರಿನಷ್ಟು ಸೋರಿಕೆ ಕಂಡಾಗ ಬೀಳುತ್ತದೆ, ನಿಜ. ಆದರೆ ಅರ್ತ್ ಇಲ್ಲದ ದೀಪದಲ್ಲಿ ಆ ಸೋರಿಕೆ ಹುಟ್ಟುವುದೇ ಯಾರಾದರೂ ಮುಟ್ಟಿದ ಮೇಲೆ. ಅಂದರೆ ಅದು ಜೀವ ಉಳಿಸಬಹುದು, ಹೊಡೆತವನ್ನು ತಪ್ಪಿಸುವುದಿಲ್ಲ. ಅರ್ತ್ ತಂತಿ ಪೈಪಿಗೆ ಬಿಗಿದಿದ್ದರೆ ಫೇಸ್ ತಾಗಿದ ಕ್ಷಣದಲ್ಲೇ, ಯಾರೂ ಮುಟ್ಟುವ ಮೊದಲೇ, ಅದು ಬೀಳುತ್ತದೆ. ಹಾಗೆಂದು ಅರ್ತ್ ಒಂದಿದ್ದರೆ ಸಾಕು, ಆರ್‌ಸಿಸಿಬಿ ಬೇಡ ಎನ್ನುವಂತೆಯೂ ಇಲ್ಲ. ನಮ್ಮ ಹಳೆಯ ಮನೆಗಳಲ್ಲಿ ಇದ್ದಿಲು, ಉಪ್ಪು ಸುರಿದು ಮುಚ್ಚಿದ ಅರ್ತ್ ಗುಂಡಿಗೆ ವರ್ಷಗಟ್ಟಲೆ ಯಾರೂ ನೀರು ಹಾಕಿರುವುದಿಲ್ಲ. ಆ ಗುಂಡಿಯ ರೋಧ 10 ಓಮ್ ಆಗಿದ್ದರೆ 230 ವೋಲ್ಟಿಗೆ ಹರಿಯುವುದು 23 ಆಂಪಿಯರ್ ಮಾತ್ರ. 10 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ತಕ್ಷಣ ಬೀಳದೆ ಬಿಸಿಯಾಗುತ್ತ ಕೂರುತ್ತದೆ, ಅಷ್ಟು ಹೊತ್ತೂ ಪೈಪಿನಲ್ಲಿ ಕರೆಂಟು ಇರುತ್ತದೆ. ಎರಡೂ ಇರಬೇಕು.

ನಮ್ಮ ಬಡಾವಣೆಯ ಮನೆಗಳಿಗೆಲ್ಲ ಬರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಮೋಟರ್ ರಿಪೇರಿಗೆಂದು ಬಂದವರು ಅರ್ಧ ಜೋಡಿಸಿದ್ದ ದೀಪವನ್ನು ಕೈಗೆತ್ತಿಕೊಂಡು, ಪ್ಲಗ್ಗನ್ನು ನೋಡಿ, ಪೈಪನ್ನು ಒಮ್ಮೆ ಬೆರಳಿನಿಂದ ತಟ್ಟಿ, “ಏನ್ ಸಾರ್ ಇದು, ಮೈಯೆಲ್ಲಾ ಕಬ್ಬಿಣ ಇಟ್ಕೊಂಡು ಎರಡೇ ಪಿನ್ ಕೊಟ್ಟವ್ರೆ? ಅರ್ತ್ ಎಲ್ಲಿ?” ಎಂದು ಕೇಳಿದರು. ಡಬ್ಬಿಯಲ್ಲಿ ಬಂದದ್ದೇ ಇಷ್ಟು ಎಂದೆ. “ಮಗು ಓದೋ ಮೇಜು ಅಂತೀರಿ. ಬಿಚ್ಬಿಡಿ” ಎಂದು ಹೇಳಿ ಮೋಟರಿನ ಕಡೆಗೆ ನಡೆದರು. ಈ ಕಿಟ್ಟಿಗೆ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಅದೇ ಚಿಕ್ಕದು ಮತ್ತು ಅದೇ ಸರಿಯಾದದ್ದು.

ಬಿಚ್ಚಿದಾಗ ಇನ್ನೆರಡು ಸಂಗತಿಗಳು ಕಂಡವು. ತಂತಿಯ ಮೇಲೆ ಎಲ್ಲಿಯೂ ಐಎಸ್‌ಐ ಗುರುತಾಗಲಿ, ಅಳತೆಯಾಗಲಿ, ತಯಾರಕರ ಹೆಸರಾಗಲಿ ಇರಲಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ತಾಮ್ರದ ಬಣ್ಣ ಮೇಲ್ಮೈಗೇ ಮುಗಿದು ಒಳಗೆ ಬೆಳ್ಳಗೆ ಕಂಡಿತು, ಅಂದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟು ಎಷ್ಟೆಂದರೆ ಇದಕ್ಕಿಂತ ಸಣ್ಣ ತಂತಿಯೂ ಅದನ್ನು ಹೊರುತ್ತದೆ. ಪ್ರಶ್ನೆ ಕರೆಂಟಿನದಲ್ಲ, ಸ್ಕ್ರೂವಿನ ಕೆಳಗೆ ಎರಡು ಸಲ ಬಾಗಿದರೆ ಮುರಿದು ಸಡಿಲವಾಗುವ ಎಳೆಗಳದು. ಹೋಲ್ಡರ್ ಕೂಡ ಅಮೆರಿಕದ ನಮೂನೆಯದೇ. ಅದರಲ್ಲಿ ಹಿತ್ತಾಳೆಯ ಹೊರಚಿಪ್ಪಿಗೂ ಒಳಗಿನ ಸ್ಕ್ರೂಗಳಿಗೂ ನಡುವೆ ಇರುವುದು ರಟ್ಟಿನ ಒಂದು ಸುರುಳಿ ಮಾತ್ರ. ನನಗೆ ಬಂದದ್ದರಲ್ಲಿ ಆ ರಟ್ಟು ಒಂದು ಬದಿ ಹರಿದಿತ್ತು.

ಆ ಶನಿವಾರ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ವಿದ್ಯುತ್ ಸಾಮಾನು ಕೊಳ್ಳುವವರಿಗೆ ಈ ರಸ್ತೆಯನ್ನೂ ಎಸ್.ಪಿ. ರೋಡನ್ನೂ ಪರಿಚಯಿಸಬೇಕಾಗಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಈ ಊರಿನ ಬೀದಿದೀಪಗಳಿಗೆ ಬಂದಾಗ ಮೊದಲು ಬೆಳಗಿದ್ದು ಇಲ್ಲಿಂದ ಕೂಗಳತೆಯಲ್ಲಿರುವ ಸಿಟಿ ಮಾರ್ಕೆಟ್ಟಿನ ಸುತ್ತಮುತ್ತ; ಆ ಮಾರ್ಕೆಟ್ಟಿನ ಪಕ್ಕದ ಪೇಟೆಯಲ್ಲೇ ಇಂದಿಗೂ ಹೋಲ್ಡರು, ತಂತಿ ಮಾರುತ್ತಿರುವುದು ನನಗಂತೂ ಖುಷಿ ಕೊಡುವ ಸಂಗತಿ. ಹತ್ತು ಅಡಿ ಅಗಲವೂ ಇಲ್ಲದ ಒಂದು ಅಂಗಡಿಯಲ್ಲಿ ಮೂರು ಕೋರಿನ, ಅಂದರೆ ಒಂದೇ ಹೊದಿಕೆಯೊಳಗೆ ಮೂರು ತಂತಿಗಳಿರುವ ತಂತಿ ಕೇಳಿದೆ. ಕೌಂಟರಿನ ಹಿಂದಿದ್ದ ಹಿರಿಯರು ಮೊದಲು “ಯಾವುದಕ್ಕೆ?” ಎಂದು ಕೇಳಿದರು. ಪೈಪಿನ ದೀಪಕ್ಕೆ ಎಂದ ಕೂಡಲೇ 0.75 ಚದರ ಮಿಲಿಮೀಟರಿನ ಸುರುಳಿಯನ್ನು ಎಳೆದು ಮುಂದಿಟ್ಟರು. ಹಳಬರ ಲೆಕ್ಕದಲ್ಲಿ ಇದು ಸುಮಾರಾಗಿ 23/76, ಅಂದರೆ ಒಂದೊಂದು ಕೋರೂ ಇಂಚಿನ ಹತ್ತು ಸಾವಿರದಲ್ಲಿ 76 ಭಾಗ ದಪ್ಪದ 23 ಸಣ್ಣ ಎಳೆಗಳದು. ಈ ರಸ್ತೆಯಲ್ಲಿ ಇಂದಿಗೂ ಆ ಲೆಕ್ಕದಲ್ಲಿ ಕೇಳಿದರೆ ಕೊಡುವವರಿದ್ದಾರೆ. ಮೇಲೆ ಐಎಸ್ 694 ಎಂದು, ಅಂದರೆ ಇಂಥ ತಂತಿಯ ಭಾರತೀಯ ಮಾನಕದ ಸಂಖ್ಯೆ, ಅಚ್ಚೊತ್ತಿತ್ತು, ಒಳಗೆ ಕಂದು, ನೀಲಿ, ಹಸಿರು-ಹಳದಿ ಕೋರುಗಳಿದ್ದವು: ಫೇಸ್, ನ್ಯೂಟ್ರಲ್, ಅರ್ತ್. ಬಟ್ಟೆ ಹೊದಿಸಿದ ತಂತಿಯೇ ಬೇಕೆಂದು ಮಗಳು ಹೇಳಿ ಕಳಿಸಿದ್ದಳು. ಮೂರು ಕೋರಿನಲ್ಲಿ ಅಂಥದ್ದು ಅವರಲ್ಲಿ ಇರಲಿಲ್ಲ, ಇಲ್ಲವೆಂದು ನೇರವಾಗಿ ಹೇಳಿ, ಎರಡು ಕೋರಿನದನ್ನು ತಗುಲಿಸಲು ನೋಡಲಿಲ್ಲ. ಅಂಗಡಿಯ ಬಗ್ಗೆ ನನ್ನ ದೂರು ಒಂದೇ: ಬಿಲ್ಲು ಕೇಳಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡರು, ಆದರೂ ಕೊಟ್ಟರು.

ಹೋಲ್ಡರಿನ ವಿಷಯದಲ್ಲಿ ನಾನು ಸ್ಕ್ರೂ ಬಲ್ಬನ್ನೇ ಬಿಟ್ಟು ಬೇಕಲೈಟಿನ ಮಾಮೂಲಿ ಪಿನ್ ಹೋಲ್ಡರಿಗೆ ಬಂದೆ. ನೋಡಲು ಅದು ಹಿತ್ತಾಳೆಯಷ್ಟು ಠೀವಿಯದಲ್ಲ, ಒಪ್ಪುತ್ತೇನೆ. ಆದರೆ ಅದರ ಮೈ ಕರೆಂಟನ್ನು ಹಾಯಿಸುವುದಿಲ್ಲ, ಬೆರಳಿಗೆ ಸಿಗುವ ಥ್ರೆಡ್ಡಿನ ಬಳೆ ಅದರಲ್ಲಿಲ್ಲ, ಮತ್ತು ಬಲ್ಬು ಹೋದರೆ ರಾತ್ರಿ ಎಂಟು ಗಂಟೆಗೂ ಬೀದಿಯ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಮರುಜೋಡಣೆಯಲ್ಲಿ ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸೂಚನಾ ಪತ್ರದಲ್ಲಿ ಇರಬೇಕಾಗಿದ್ದು ಇದು. ಮೊದಲು ಪೈಪಿನ ಎಲ್ಲ ತುದಿಗಳ ಒಳ ಅಂಚನ್ನೂ ದುಂಡು ಅರದಿಂದ ಉಜ್ಜಿ, ಬೆರಳು ನಯವಾಗಿ ಜಾರುವವರೆಗೆ ಸಿಬಿರು ತೆಗೆದೆ. ಆಮೇಲೆ ಒಳಗೆ ಉಳಿದ ಕಬ್ಬಿಣದ ಪುಡಿಯನ್ನೂ ಎಣ್ಣೆಯನ್ನೂ ಬಟ್ಟೆ ಕಟ್ಟಿದ ದಾರದಿಂದ ಒರೆಸಿದೆ. ತಂತಿಯನ್ನು ಎಲ್ಲ ಜೋಡಿಸಿದ ಮೇಲೆ ತೂರಿಸಲು ಹೋದರೆ ಎಲ್ಬೋಗಳಲ್ಲಿ ಸಿಕ್ಕಿಕೊಳ್ಳುತ್ತದೆ; ಒಂದೊಂದು ತುಂಡನ್ನೂ ತಂತಿಗೆ ಪೋಣಿಸುತ್ತ, ತಂತಿಯನ್ನು ತಿರುಚದೆ ಪೈಪನ್ನು ಮಾತ್ರ ತಿರುಗಿಸುತ್ತ ಬರುವುದೇ ಸುಲಭ. ಕೊಳಾಯಿ ಕೆಲಸದ ಅಭ್ಯಾಸಬಲದಿಂದ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಲು ಕೈ ಹೋಗುತ್ತದೆ, ಸುತ್ತಬಾರದು. ಇಲ್ಲಿ ನೀರು ಸೋರುವ ಭಯವಿಲ್ಲ, ಬದಲಿಗೆ ಪೈಪಿನ ಒಂದು ತುಂಡಿನಿಂದ ಇನ್ನೊಂದಕ್ಕೆ ಲೋಹಕ್ಕೆ ಲೋಹ ತಾಗಿಯೇ ಇರಬೇಕು, ಇಲ್ಲದಿದ್ದರೆ ತಳದಲ್ಲಿ ಕೊಟ್ಟ ಅರ್ತ್ ತುದಿಯವರೆಗೆ ತಲುಪುವ ಭರವಸೆಯಿರುವುದಿಲ್ಲ. ಅದೇ ಕಾರಣಕ್ಕೆ ಥ್ರೆಡ್ಡುಗಳ ಮೇಲೆ ಮೆತ್ತಿದ್ದ ಕಪ್ಪು ಬಣ್ಣವನ್ನು ತಂತಿ ಬ್ರಷ್ಷಿನಿಂದ ಕೆರೆದು ತೆಗೆದೆ.

ಅರ್ತಿಗಾಗಿ ಫ್ಲ್ಯಾಂಜಿನಲ್ಲಿ ಬೇರೆಯೇ ಒಂದು 4 ಮಿಲಿಮೀಟರಿನ ತೂತು ಕೊರೆದೆ. ಹಲಗೆಗೆ ಬಿಗಿಯುವ ನಾಲ್ಕು ಸ್ಕ್ರೂಗಳಲ್ಲಿ ಒಂದಕ್ಕೆ ಸುತ್ತಿದರೆ ಆಗದೇ ಎಂದು ನನಗೂ ಅನ್ನಿಸಿತ್ತು; ಮರ ಒಣಗಿದಂತೆ ಆ ಸ್ಕ್ರೂಗಳು ಸಡಿಲವಾಗುತ್ತವೆ, ಅವುಗಳ ಜೊತೆಗೆ ಅರ್ತ್ ಕೂಡ ಸಡಿಲವಾಗುತ್ತದೆ. ತೂತಿನ ಸುತ್ತಲ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಹಸಿರು-ಹಳದಿ ಎಳೆಗೆ ಒತ್ತಿ ಕೂರಿಸಿದ ಲಗ್ಗನ್ನು (ತೂತಿರುವ ಲೋಹದ ತುದಿಯನ್ನು) ಹಲ್ಲಿನ ವಾಷರ್ ಹಾಕಿ ನಟ್ಟು ಬೋಲ್ಟಿನಿಂದ ಬಿಗಿದೆ. ಪ್ಲಗ್ಗಿನೊಳಗೆ ಅರ್ತಿನ ಎಳೆಯನ್ನು ಉಳಿದೆರಡಕ್ಕಿಂತ ಒಂದು ಬೆರಳು ಉದ್ದ ಬಿಟ್ಟಿದ್ದೇನೆ. ಯಾರಾದರೂ ತಂತಿಯನ್ನು ಎಳೆದು ಕಿತ್ತರೂ ಕೊನೆಗೆ ಕಿತ್ತುಬರುವುದು ಅದಾಗಿರಬೇಕು. ಹಲಗೆಯ ತಳದಲ್ಲಿ ತಂತಿಗೊಂದು ಕಾಲುವೆ ಕೊರೆಸಿ, ಹೊರಬರುವಲ್ಲಿ ರಬ್ಬರ್ ಬಳೆ ಹಾಕಿ, ಒಳಗೆ ತಂತಿಯನ್ನು ಹಿಡಿದಿಡುವ ಸ್ಯಾಡಲ್ ಹೊಡೆದದ್ದರಿಂದ ಎಳೆತ ಹೋಲ್ಡರಿನವರೆಗೆ ಹೋಗುವುದಿಲ್ಲ. ಪ್ಲಗ್ಗು ಮೂರು ಪಿನ್ನಿನದು, 6 ಆಂಪಿಯರಿನದು. ಮೂರು ಪಿನ್ನು ಒಂದೇ ರೀತಿಯಲ್ಲಿ ಕೂರುವುದರಿಂದ ಫೇಸ್ ಅದಲುಬದಲಾಗುವ ಪ್ರಶ್ನೆ ಅಲ್ಲಿಗೆ ಮುಗಿಯಿತು, ಗೋಡೆಯ ಸಾಕೆಟ್ಟಿನಲ್ಲಿ ಎದುರಿನಿಂದ ನೋಡಿದಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇದ್ದರೆ. ನಮ್ಮ ಮನೆಯ ಒಂದು ಕೋಣೆಯಲ್ಲಿ ಇರಲಿಲ್ಲ! ಹನ್ನೆರಡು ವರ್ಷ ಹಾಗೆಯೇ ಇತ್ತೆಂಬುದು ಈ ದೀಪದ ದೆಸೆಯಿಂದ ತಿಳಿಯಿತು.

ಪ್ಲಗ್ ಚುಚ್ಚುವ ಮೊದಲು ಮಲ್ಟಿಮೀಟರಿನಲ್ಲಿ ಎರಡು ಪರೀಕ್ಷೆ ಮಾಡಿದೆ. ಪ್ಲಗ್ಗಿನ ಅರ್ತ್ ಪಿನ್ನಿಗೂ ಪೈಪಿನ ಪ್ರತಿಯೊಂದು ತುಂಡಿಗೂ, ತುದಿಯ ಎಲ್ಬೋ ಸಹಿತ, ರೋಧ ಒಂದು ಓಮಿಗಿಂತ ಕಡಿಮೆ ತೋರಿಸಬೇಕು. ಫೇಸ್ ಪಿನ್ನಿಗೂ ಅರ್ತ್ ಪಿನ್ನಿಗೂ, ನ್ಯೂಟ್ರಲ್ ಪಿನ್ನಿಗೂ ಅರ್ತ್ ಪಿನ್ನಿಗೂ ಯಾವ ಸಂಪರ್ಕವೂ ಇರಬಾರದು. ಮೊದಲ ಸಲ ಮೇಲಿನ ಎಲ್ಬೋ 40 ಓಮ್ ತೋರಿಸಿತು, ಬಣ್ಣ ಇನ್ನೂ ಉಳಿದಿತ್ತು. ಬಿಚ್ಚಿ ಮತ್ತೆ ಕೆರೆಯಬೇಕಾಯಿತು. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಪರೀಕ್ಷಿಸುವುದರಿಂದ ಸವೆದು ನವೆದ ಹೊದಿಕೆ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಬಲ್ಬು ತೆಗೆದಿಟ್ಟು, ಹೊದಿಕೆಯ ನಿರೋಧವನ್ನು ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ನೋಡಿಸಿದೆ. ಒಂದು ಮೆಗಾಓಮ್ ಬಂದರೂ ಸಾಕಿತ್ತು, ಮುಳ್ಳು ಅದಕ್ಕಿಂತ ಎಷ್ಟೋ ಮೇಲೆ ನಿಂತಿತು. ಮೇಲಿನ ಎರಡು ಪ್ಯಾರಾಗಳಲ್ಲಿ ಯಾವುದಾದರೂ ಒಂದು ಹಂತ ಅರ್ಥವಾಗದಿದ್ದರೆ ಪೈಪಿನ ಕೆಲಸವನ್ನು ನೀವು ಮಾಡಿ, ತಂತಿಯ ಕೆಲಸವನ್ನು ಇಂಥವರಿಗೆ ಬಿಡಿ. ಅವರು ನನ್ನಿಂದ ತೆಗೆದುಕೊಂಡದ್ದು 300 ರೂಪಾಯಿ.

ಡಿಮ್ಮರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಮೂಲಿ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ಡಿಮ್ಮರಿಗೆ ಹೊಂದುವಂಥವಲ್ಲ, ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಬಳಸಬೇಕು. ಜಾಹೀರಾತಿನಲ್ಲಿ ಈ ಮಾತೇ ಇರಲಿಲ್ಲ. ನನ್ನ ಬಲ್ಬು ಚಕ್ರವನ್ನು ಅರ್ಧ ತಿರುಗಿಸಿದೊಡನೆ ಮಿಣಮಿಣ ಎನ್ನತೊಡಗಿತು. ಡಿಮ್ಮರನ್ನು ಕಿತ್ತುಹಾಕಿ, ಟೀಯಲ್ಲಿ ಬೇರೆ ಸ್ವಿಚ್ಚನ್ನೂ ಹಾಕದೆ, ತಂತಿಯನ್ನು ನೇರವಾಗಿ ಮೇಲಕ್ಕೆ ಒಯ್ದೆ. ನಮ್ಮ ಗೋಡೆಯ ಬೋರ್ಡುಗಳಲ್ಲಿ ಪ್ರತಿ ಸಾಕೆಟ್ಟಿನ ಪಕ್ಕದಲ್ಲೂ ಸ್ವಿಚ್ಚು ಇರುವಾಗ ಪೈಪಿನೊಳಗೆ ಇನ್ನೆರಡು ಜೋಡಣೆಗಳನ್ನು ಸೇರಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಮಾರಾಟಗಾರರಿಗೆ ಅರ್ತಿನ ವಿಷಯವನ್ನು ಚಿತ್ರ ಸಹಿತ ಬರೆದಿದ್ದೆ. “ಉತ್ಪನ್ನ ಅಲಂಕಾರಿಕ ಬಳಕೆಗೆ ಮಾತ್ರ” ಎಂಬ ಉತ್ತರ ಬಂತು, ಜೊತೆಗೆ ಮುಂದಿನ ಖರೀದಿಗೆ ಶೇಕಡ 10 ರಿಯಾಯಿತಿ. 230 ವೋಲ್ಟಿಗೆ ಅಲಂಕಾರದ ದೀಪ ಯಾವುದು, ಓದುವ ದೀಪ ಯಾವುದು ಎಂಬುದು ತಿಳಿಯುವುದಿಲ್ಲವೆಂದು ಮರಳಿ ಬರೆದದ್ದಕ್ಕೆ ಉತ್ತರವಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಮೂರು ಮೀಟರ್ ತಂತಿ 144, ಪ್ಲಗ್ 75, ಹೋಲ್ಡರ್ 60, ಲಗ್, ವಾಷರ್, ರಬ್ಬರ್ ಬಳೆ ಮುಂತಾದ ಚಿಲ್ಲರೆ 40. ಒಟ್ಟು 319 ರೂಪಾಯಿಯಲ್ಲಿ ಈ ದೀಪ ಮುಟ್ಟಲು ಯೋಗ್ಯವಾಯಿತು. ಹಲಗೆಯ 250, ಎಲೆಕ್ಟ್ರಿಷಿಯನ್ನರ 300, ಎಲ್ಬೋವಿನ 35 ಬೇರೆ. ಕುತೂಹಲಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದಾಗ ಫ್ಲ್ಯಾಂಜ್, ಎಲ್ಬೋ, ಟೀ, ಅಳತೆಗೆ ಕತ್ತರಿಸಿ ಥ್ರೆಡ್ ಹಾಕಿಕೊಟ್ಟ ಪೈಪು ಎಲ್ಲ ಸೇರಿ 465 ರೂಪಾಯಿ ಹೇಳಿದರು, ವಾಲ್ವಿನ ಚಕ್ರಕ್ಕೆ 120. ಹಾಗಾಗಿ ಕಿಟ್ಟನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಈಗಾಗಲೇ ಕೊಂಡಿದ್ದರೆ ಪೈಪನ್ನು ಇಟ್ಟುಕೊಂಡು ತಂತಿ, ಪ್ಲಗ್, ಹೋಲ್ಡರ್ ಮೂರನ್ನೂ ಎಸೆಯಿರಿ. ಐದಕ್ಕೆ ಎರಡು ಅಂಕ, ಅದೂ ಪೈಪಿಗೆ.

ದೀಪ ಈಗ ಮಗಳ ಮೇಜಿನ ಮೇಲೆ ರಾತ್ರಿ ಹನ್ನೊಂದರವರೆಗೆ ಉರಿಯುತ್ತದೆ. ಮನೆಗೆ ಬಂದವರೆಲ್ಲ ಅದನ್ನು ಮೆಚ್ಚಿ, ಕೆಂಪು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಏನೂ ಆಗದಿರುವುದನ್ನು ಕಂಡು ನನ್ನ ಮುಖ ನೋಡುತ್ತಾರೆ. ಅವಳು ಪುಸ್ತಕದಿಂದ ತಲೆಯೆತ್ತದೆ ಗೋಡೆಯ ಬೋರ್ಡಿನ ಕಡೆಗೆ ಕೈ ತೋರಿಸುತ್ತಾಳೆ.